ತೋಡುವ ನಾಯಿಗೆ ಗುಂಡಿಯನ್ನೇ ಕೊಟ್ಟೆ: ಜ್ಯಾಕ್ ರಸೆಲ್ ಜೊತೆ ನನ್ನ ಅನುಭವ

ದಾವಣಗೆರೆ ಬಿಸಿಲಿಗೆ ಜ್ಯಾಕ್ ರಸೆಲ್ ಟೆರಿಯರ್ ತಳಿಯ ನಾಯಿ ಆಗಲ್ಲ, ಮಕ್ಕಳಿರುವ ಮನೆಗಂತೂ ಬೇಡವೇ ಬೇಡ ಅಂತ ನನಗೆ ಹೇಳದವರಿಲ್ಲ. ಚಿತ್ರದುರ್ಗದ ನಮ್ಮ ಭಾವನವರು, "ಅಷ್ಟು ದುಡ್ಡು ಹಾಕೋದಾದ್ರೆ ಮುಧೋಳ ತಗೊಳ್ಳಪ್ಪ, ಇದೇನು ನಾಯಿನೋ ಇಲಿನೋ" ಎಂದಿದ್ದರು. ನಮ್ಮ ನಾಯಿ ಬುಗುರಿಗೆ ಈಗ ನಾಲ್ಕು ವರ್ಷ ದಾಟಿದೆ. ತೂಕ ಆರು ಕೆ.ಜಿ. ಆಸುಪಾಸು. ವಿದ್ಯಾನಗರದ ನಮ್ಮ ಬೀದಿಯಲ್ಲಿ ಇಷ್ಟು ಹೇಳಿದ ಮಾತು ಕೇಳುವ ನಾಯಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಮರಿ ನೋಡಲು ಹೋದಾಗ ನಾನು ಮೊದಲು ನೋಡಿದ್ದು ತಾಯಿಯನ್ನು. ಹೊಸಬರು ಬಂದರೆ ಮೂಲೆ ಸೇರುವ ಅಥವಾ ಹಲ್ಲು ತೋರಿಸುವ ತಾಯಿಯ ಮರಿ ಎಷ್ಟು ಚೆಂದ ಇದ್ದರೂ ಬೇಡ. ಬಿಳಿ ಜಾಸ್ತಿ ಇರುವ ಮರಿಗಳಲ್ಲಿ ಕಿವುಡು ಬರುವುದುಂಟು. ಅದಕ್ಕೇ ಮರಿಗೆ ಕಾಣದ ಹಾಗೆ ಹಿಂದೆ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದೆ. ಒಂದೇ ಕಿವಿ ಕೇಳದಿದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ, ಅಷ್ಟು ನೆನಪಿರಲಿ. ಒಬ್ಬರು ಆರು ವಾರದ ಮರಿಯನ್ನೇ ಕೊಡಲು ಬಂದರು. ನಾಯಿ ಮಾರಾಟದ 2017ರ ನಿಯಮದಂತೆ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅವರ ಮರಿ ಹತ್ತು ಸಾವಿರ ಅಗ್ಗ ಇದ್ದರೂ ಬಿಟ್ಟು ಬಂದೆ. ಕೊನೆಗೆ ಬೆಂಗಳೂರಿನ ಒಂದು ಮನೆಯಲ್ಲಿ ಮೂವತ್ತೈದು ಸಾವಿರದ ಹತ್ತಿರ ಕೊಟ್ಟು ಹೆಣ್ಣು ಮರಿ ತಂದೆ.

ಆರು ತಿಂಗಳಾಗುತ್ತಿದ್ದಂತೆ ತೋಡುವುದು ಶುರುವಾಯಿತು. ಕರಿಬೇವು ಹೋಯಿತು, ದಾಸವಾಳ ಹೋಯಿತು, ಬೋರ್‌ವೆಲ್ ಪೈಪಿನ ಬುಡ ಬಯಲಾಯಿತು. ಖಾರದ ಪುಡಿ ಉದುರಿಸಿದೆ. ಒಂದು ದಿನ ಸೀನಿತು, ಮಾರನೇ ದಿನ ಅದರ ಪಕ್ಕದಲ್ಲೇ ತೋಡಿತು. ಕೋಳಿ ಜಾಲರಿ ಹೂತೆ. ಉಗುರು ಕಿತ್ತು ರಕ್ತ ಬಂತು. ಕಟ್ಟಿಹಾಕಿದರೆ ಇಡೀ ಬೀದಿಗೆ ನಿದ್ದೆಯಿಲ್ಲ. ಒಬ್ಬ ತರಬೇತುದಾರರು ತಿಂಗಳಿಗೆ ಆರೇಳು ಸಾವಿರದಂತೆ ಎರಡು ತಿಂಗಳು ತಗೊಂಡರು. ಕೂರುವುದು, ಕೈ ಕೊಡುವುದು ಕಲಿಯಿತು. ತೋಡುವುದು ಮಾತ್ರ ಒಂದು ಇಂಚೂ ಕಡಿಮೆಯಾಗಲಿಲ್ಲ.

ಆಗಲಾದರೂ ಹೇಗೆ? ಇಂಗ್ಲೆಂಡಿನ ಜಾನ್ ರಸೆಲ್ ಎಂಬ ಪಾದ್ರಿ ಓದುವ ದಿನಗಳಲ್ಲಿ, 1819ರಲ್ಲಿ, ಹಾಲಿನವನಿಂದ ಟ್ರಂಪ್ ಎಂಬ ಹೆಣ್ಣು ನಾಯಿ ಕೊಂಡ. ಅಲ್ಲಿಂದ ಶುರುವಾದ ತಳಿ ಇದು. ನರಿ ಬಿಲ ಹೊಕ್ಕು ಅದನ್ನು ಹೊರಗಟ್ಟುವುದೇ ಇವುಗಳ ಕಸುಬು. ಕಸುಬು ಬಿಡಿಸಲು ಆಗಲ್ಲ, ಜಾಗ ಬದಲಿಸಬಹುದು ಅಲ್ವಾ?

ಹಿತ್ತಲಿನಲ್ಲಿ ಆರು ಅಡಿಗೆ ನಾಲ್ಕು ಅಡಿ, ಆಳ ಎರಡು ಅಡಿಗಿಂತ ಸ್ವಲ್ಪ ಕಡಿಮೆ, ಒಂದು ಗುಂಡಿ ತೆಗೆಸಿದೆ. ಸುತ್ತ ಇಟ್ಟಿಗೆ. ಮೊದಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕಿಸಿದ್ದು ದಂಡವಾಯಿತು: ಒರಟು, ದೂಳು, ಪಾದವೆಲ್ಲ ಕೆಂಪಗಾಯಿತು. ಮನೆ ಕಟ್ಟಿಸುತ್ತಿದ್ದ ಗೆಳೆಯರ ಹತ್ತಿರ ಉಳಿದಿದ್ದ ಹೊಳೆ ಮರಳು ತಂದು ತುಂಬಿಸಿದೆ. ಎಲ್ಲ ಸೇರಿ ನಾಲ್ಕೈದು ಸಾವಿರ. ಬೆಳಿಗ್ಗೆ ಮರಳಿನಲ್ಲಿ ಎರಡು ಮೂರು ವಸ್ತು ಹೂತಿಡುತ್ತೇನೆ. ಅದರಲ್ಲಿ ಒಂದು ಏನು ಎಂಬುದನ್ನು ಹೇಳುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಬೇರೆ ಕಡೆ ತೋಡಿದರೆ ಬೈಯದೆ ಎತ್ತಿ ತಂದು ಇಲ್ಲಿ ಬಿಟ್ಟೆ. ಒಂದು ತಿಂಗಳೊಳಗೆ ಅಂಗಳದಲ್ಲಿ ತೋಡುವುದು ನಿಂತೇ ಹೋಯಿತು. ಸಂಜೆ ಬೊಗಳುವುದೂ ಅರ್ಧಕ್ಕಿಳಿಯಿತು. ರಾತ್ರಿ ತಗಡು ಮುಚ್ಚಲೇಬೇಕು, ಇಲ್ಲದಿದ್ದರೆ ಬೆಕ್ಕುಗಳು ಗಲೀಜು ಮಾಡುತ್ತವೆ.

ಬಿಸಿಲಿನ ಪ್ರಶ್ನೆಗೂ ಅದೇ ಗುಂಡಿ ಉತ್ತರ ಕೊಟ್ಟಿತು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡು ಬಕೆಟ್ ನೀರು ಸುರಿದು ಮೇಲೆ ಗೋಣಿಚೀಲದ ಚಪ್ಪರ ಕಟ್ಟುತ್ತೇನೆ. ಒದ್ದೆ ಮರಳಿನಲ್ಲಿ ಹೊಟ್ಟೆ ಊರಿ ಮಲಗುತ್ತದೆ. ಕುಂದವಾಡ ಕೆರೆ ಕಡೆ ವಾಕಿಂಗ್ ಬೆಳಿಗ್ಗೆ ಐದೂವರೆಗೇ ಮುಗಿಸುತ್ತೇವೆ. ಟಾರು ರಸ್ತೆಗೆ ಅಂಗೈ ಹಿಂಭಾಗ ಒತ್ತಿ ಐದು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯನ್ನು ಇಳಿಸಬೇಡಿ.

ದುಡ್ಡು ತಿಂದಿದ್ದು ಬಿಸಿಲಲ್ಲ, ರಕ್ತ ಹೀರುವ ಉಣ್ಣೆ ಹುಳ. ಒಂದು ಮಳೆಗಾಲದಲ್ಲಿ ಅದರಿಂದ ಜ್ವರ ಬಂದು ರಕ್ತದಲ್ಲಿ ಪ್ಲೇಟ್‌ಲೆಟ್ ಇಳಿಯಿತು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ನಾಲ್ಕು ವಾರ, ರಕ್ತ ಪರೀಕ್ಷೆ, ಡ್ರಿಪ್ ಎಲ್ಲ ಸೇರಿ ಒಂಬತ್ತು ಸಾವಿರ ದಾಟಿತು. ಅಂಗಡಿಯಲ್ಲಿ ಕೊಟ್ಟ ಪುಡಿ, ಬೇವಿನೆಣ್ಣೆ ಯಾವುದಕ್ಕೂ ಉಣ್ಣೆ ಹೋಗಲಿಲ್ಲ. ಈಗ ಡಾಕ್ಟರ್ ಬರೆದ ಅಗಿಯುವ ಮಾತ್ರೆ ತಿಂಗಳಿಗೊಂದು. ಆಮೇಲೆ ಜ್ವರ ತಿರುಗಿ ನೋಡಿಲ್ಲ.

ಊಟದಲ್ಲೂ ಪ್ರಯೋಗ ಮಾಡಿದೆ. ಬರೀ ರಾಗಿ ಮುದ್ದೆ, ಮಜ್ಜಿಗೆ ಹಾಕಿದಾಗ ಪಕ್ಕೆಲುಬು ಕಂಡವು. ಕೋಳಿ, ಬೇಯಿಸಿದ ಮೊಟ್ಟೆ, ಸ್ವಲ್ಪ ಅನ್ನ ಸೇರಿಸಿದ ಮೇಲೆ ಮೈ ತುಂಬಿತು. ತಿಂಗಳಿಗೆ ಎರಡು ಸಾವಿರದ ಒಳಗೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟಿಸಬಾರದು. ಹಾಗಾಗಿ ಮಂಡಕ್ಕಿ ಒಗ್ಗರಣೆಗೆ ಎಷ್ಟು ಆಸೆಯಿಂದ ನೋಡಿದರೂ ಕೊಡುವುದಿಲ್ಲ.

ಮಂಡಕ್ಕಿ ಅಂದಾಗ ನೆನಪಾಯಿತು. ಗೆಳೆಯರ ಮಂಡಕ್ಕಿ ಭಟ್ಟಿಯಲ್ಲಿ ಇಲಿ ಕಾಟ ಎಂದು ಒಂದು ರಾತ್ರಿ ಬುಗುರಿಯನ್ನು ಕರೆದೊಯ್ದೆ. ಹೆಗ್ಗಣ ಸೇರಿ ಏಳೆಂಟು ಹಿಡಿಯಿತು! ಇಲಿ ಜ್ವರದ ಲಸಿಕೆ ಆಗಿತ್ತು, ಅಲ್ಲಿ ಪಾಷಾಣ ಇಟ್ಟಿಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಂಡಿದ್ದೆ. ಆದರೆ ವಾರವಿಡೀ ಮನೆಯಲ್ಲಿ ಕೂರಲಿಲ್ಲ, ಗೋಡೆ ಮೂಸುತ್ತಲೇ ಇತ್ತು. ಇಲಿ ಹಿಡಿಸುವುದನ್ನು ಅಲ್ಲಿಗೇ ಬಿಟ್ಟೆ.

ಮಕ್ಕಳಿಗೆ ಒಂದೇ ಕಟ್ಟುನಿಟ್ಟು: ಅದು ತಿನ್ನುವಾಗ, ಮಲಗಿದಾಗ ಮುಟ್ಟಬಾರದು. ಇವತ್ತಿನವರೆಗೆ ಯಾರಿಗೂ ಹಲ್ಲು ತಾಗಿಸಿಲ್ಲ.

ಈಗ ಭಾವನವರೇ ಇದೇ ತಳಿಯ ಮರಿ ತಂದಿದ್ದಾರೆ. ಚಿತ್ರದುರ್ಗದ ಅವರ ಹಿತ್ತಲಲ್ಲಿ ಒಂದಡಿ ಇಳಿದರೆ ಬಂಡೆ. ಅದಕ್ಕೆ ನೆಲದ ಮೇಲೇ ಹಾಲೋ ಬ್ಲಾಕ್ ಜೋಡಿಸಿ ತೊಟ್ಟಿ ಕಟ್ಟಿಸಿ ಮರಳು ತುಂಬಿಸಿದೆವು. ಬುಡದಲ್ಲಿ ನೀರು ಹೋಗಲು ಎರಡು ಕಡೆ ಪೈಪ್ ತುಂಡು ಬಿಡಿಸಿ, ಮರಳು ಜಾರದಂತೆ ಅದರ ಬಾಯಿಗೆ ಸೊಳ್ಳೆ ಪರದೆಯ ಬಲೆ ಕಟ್ಟಬೇಕು.