ಚಳಿ ಓಡಿಹೋಗುವ ಮುಂಚೆ ತುಮಕೂರು ಸುತ್ತ ಒಂದಿಷ್ಟು ಬೆಳಗು

ಶಿವರಾತ್ರಿ ಬಂತು ಅಂದರೆ ಚಳಿ 'ಶಿವ ಶಿವ' ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ತುಮಕೂರಿನಲ್ಲಿ ಕೆಲವು ವರ್ಷ ಅದು ಶಿವರಾತ್ರಿಯವರೆಗೂ ಕಾಯುವುದಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ ಡಬ್ಬಿಯಲ್ಲಿ ಇನ್ನೂ ಇರುವಾಗಲೇ ಮಧ್ಯಾಹ್ನ ಫ್ಯಾನ್ ತಿರುಗಲು ಶುರುವಾಗುತ್ತದೆ. ಇನ್ನು ಉಳಿದಿರುವುದು ಬೆರಳೆಣಿಕೆಯ ಭಾನುವಾರಗಳು. ಅವನ್ನು ಹೇಗೆ ಬಳಸಿಕೊಳ್ಳಬಹುದು, ನೋಡೋಣ.

1. ಅಲಾರಾಂ ಐದಕ್ಕೆ ಇಡಿ

ನಮ್ಮ ಕಡೆ ಚಳಿಯನ್ನು ಗಂಟೆಯಲ್ಲೇ ಲೆಕ್ಕ ಹಾಕಬೇಕು. ಮೋಡವಿಲ್ಲದ ಆಕಾಶ, ಒಣ ಗಾಳಿ. ಹಾಗಾಗಿ ನೆಲ ಹಗಲು ಹೀರಿಕೊಂಡ ಬಿಸಿಯನ್ನೆಲ್ಲ ರಾತ್ರಿಯಿಡೀ ಬಿಡುತ್ತಾ ಹೋಗುತ್ತದೆ. ಅತಿ ಹೆಚ್ಚು ಚಳಿ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಜನವರಿ ಕೊನೆಯಲ್ಲಿ ಅದು ಸುಮಾರು 6.45. ಅದೇ ಮೋಡವಿಲ್ಲದ ಆಕಾಶದಿಂದಾಗಿ ಒಂಬತ್ತೂವರೆಗೆಲ್ಲ ಸ್ವೆಟರ್ ಸೊಂಟಕ್ಕೆ ಬಂದಿರುತ್ತದೆ. 'ತಿಂಡಿ ತಿಂದು ನಿಧಾನಕ್ಕೆ ಹೊರಡೋಣ' ಅಂದರೆ ಬೇಸಿಗೆಯಲ್ಲಿ ತಿರುಗಿದ ಹಾಗೇ. ಕತ್ತಲಲ್ಲೇ ಮನೆ ಬಿಡಿ, ತಿಂಡಿ ಆಮೇಲೆ.

ದಪ್ಪ ಜಾಕೆಟ್ ಒಂದರ ಬದಲು ತೆಳುವಾದ ಎರಡು ಬಟ್ಟೆ ಹಾಕಿಕೊಳ್ಳಿ. ಬೈಕಿನಲ್ಲಿ ಹೋಗುವವರು ಕಿವಿ, ಕೈ ಮುಚ್ಚಿಕೊಳ್ಳಿ. ಕೆರೆ ಏರಿ ದಾಟುವಾಗ ನಿಧಾನ. ತಣ್ಣನೆ ಗಾಳಿ ತಗ್ಗಿಗೆ ಇಳಿದು ನಿಲ್ಲುವುದರಿಂದ ಮಂಜು ಕಟ್ಟುವುದು ಹೆಚ್ಚಾಗಿ ಅಲ್ಲೇ.

2. ಮೊದಲು ಹತ್ತಿರದ್ದು: ದೇವರಾಯನದುರ್ಗ

ಊರಿಂದ ಸುಮಾರು 15 ಕಿ.ಮೀ. ಅಷ್ಟೇ. ಮೇಲೆ ಯೋಗ ನರಸಿಂಹ, ಕೆಳಗೆ ಭೋಗ ನರಸಿಂಹ, ದಾರಿಯಲ್ಲಿ ನಾಮದ ಚಿಲುಮೆ ಅನ್ನುವ ನೀರಿನ ಬುಗ್ಗೆ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಬೇಗ ಹೋದವರಿಗೆ ಸಿಗುವ ಲಾಭವೇ ಬೇರೆ: ಹಕ್ಕಿ. 1930ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಈ ಬೆಟ್ಟದಲ್ಲೂ ಓಡಾಡಿದ್ದರು.

ಇಲ್ಲಿ ಹುಡುಕಬೇಕಾದ್ದು ಹಳದಿ ಕೊರಳಿನ ಪಿಕಳಾರ, ಅಂದರೆ ಬುಲ್‌ಬುಲ್. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡು ಬಿಟ್ಟರೆ ಜಗತ್ತಿನ ಇನ್ನೆಲ್ಲೂ ಇಲ್ಲದ ಹಕ್ಕಿ ಇದು. ಮನೆ ಹಿತ್ತಲಿಗೆ ಬರುವ ಪಿಕಳಾರಕ್ಕೆ ಇರುವಂಥ ಜುಟ್ಟು ಇದಕ್ಕಿಲ್ಲ. ತಲೆ, ಕೊರಳು ಎರಡೂ ಹಳದಿ. ಬಂಡೆ ಸಂದಿನ ಅತ್ತಿ, ಆಲ, ಲಂಟಾನ ಪೊದೆ ಕಂಡಲ್ಲಿ ಸುಮ್ನೆ ಹತ್ತು ನಿಮಿಷ ಕೂತುಬಿಡಿ. ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಲು ಹೋಗಬೇಡಿ. ಎದುರಾಳಿ ಬಂದಿದೆ ಅಂದುಕೊಂಡು ಪಾಪ ಅದು ಹೊಟ್ಟೆಪಾಡು ಬಿಟ್ಟು ಅಲೆಯುತ್ತದೆ.

ವಾಪಸ್ ಬರುವಾಗ ಸ್ವಲ್ಪ ಸುತ್ತಾದರೂ ಪರವಾಗಿಲ್ಲ, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ.

3. ಮಧುಗಿರಿ ಬೆಟ್ಟ: ಹತ್ತುವ ಕ್ರಮ

ತುಮಕೂರಿನಿಂದ ಸುಮಾರು 40 ಕಿ.ಮೀ. ಏಷ್ಯಾದ ಎರಡನೇ ದೊಡ್ಡ ಏಕಶಿಲೆ ಅಂತ ಇದನ್ನು ಎಲ್ಲರೂ ಪರಿಚಯಿಸುತ್ತಾರೆ. ಆ ರ‍್ಯಾಂಕನ್ನು ಯಾರು ಅಳೆದು ಕೊಟ್ಟರೋ! ಕೆಳಗೆ ನಿಂತು ತಲೆ ಎತ್ತಿದರೆ ಸಾಕು, ರ‍್ಯಾಂಕಿನ ಮಾತು ಮರೆತುಹೋಗುತ್ತದೆ. ಪಾಳೇಗಾರರು ಕಟ್ಟಿ, ಹೈದರಾಲಿ ಬಲಪಡಿಸಿದ ಕೋಟೆ ಇದರ ಮೈಮೇಲೇ ಇದೆ.

ಪೂರ್ತಿ ಕತ್ತಲಲ್ಲಿ ಹತ್ತಬೇಡಿ. ಇಬ್ಬನಿ ಬಿದ್ದ ಬಂಡೆ ಜಾರುತ್ತದೆ. ಬೆಳಕು ಹರಿದ ಮೇಲೆ ಶುರು ಮಾಡಿ. ಕೆಳಗಿನ ಭಾಗದಲ್ಲಿ ಮೆಟ್ಟಿಲು, ಕೋಟೆ ಬಾಗಿಲು ಇರುವುದರಿಂದ ಸಲೀಸು. ಅಲ್ಲೇ ಉಸಿರು ಕಟ್ಟುವಷ್ಟು ಜೋರಾಗಿ ಹೋದರೆ ಮೇಲೆ ಕಾಲು ನಡುಗುತ್ತದೆ. ಆಮೇಲೆ ಬರುವುದು ಬರೀ ಬಂಡೆ. ಪಾದದ ಅರ್ಧ ಮಾತ್ರ ಹಿಡಿಯುವಂಥ ಕಚ್ಚುಗಳು, ಕೆಲವು ಕಡೆ ಹಿಡಿದುಕೊಳ್ಳಲು ಕಂಬಿ. ಇಲ್ಲಿ ಎರಡು ಕೈಯೂ ಖಾಲಿ ಇರಬೇಕು. ನೀರಿನ ಬಾಟಲಿ, ಮೊಬೈಲು ಎಲ್ಲ ಬೆನ್ನಿನ ಬ್ಯಾಗಿಗೆ. ಅಟ್ಟೆ ಸವೆದ ಶೂ, ಚಪ್ಪಲಿ ಬೇಡವೇ ಬೇಡ. ಕೋತಿಗಳಿರುವುದರಿಂದ ತಿಂಡಿಯ ಕವರ್ ಕೈಯಲ್ಲಿ ಹಿಡಿಯಬೇಡಿ. ಇಂಥ ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದು ಮಾಮೂಲಿ. ಸೆಂಟು, ಹೊಗೆ, ಕಿರುಚಾಟ ಮೂರೂ ಕೆಳಗೇ ಇರಲಿ.

ನಡುವೆ ಎಲ್ಲಾದರೂ ಕಾಲು ಬೇಡ ಅಂದರೆ ಅಲ್ಲೇ ನಿಂತುಬಿಡಿ. ಹತ್ತಿದ್ದನ್ನೆಲ್ಲ ಇಳಿಯಲೂ ಬೇಕಲ್ವಾ? ಇಳಿಯುವುದೇ ಕಷ್ಟ. ಕಡಿದಾದ ಜಾಗದಲ್ಲಿ ಬಂಡೆಗೆ ಮುಖ ಮಾಡಿ, ಏಣಿ ಇಳಿದ ಹಾಗೆ ಇಳಿಯಿರಿ. ಕೂತು ಜಾರಿದರೆ ಪ್ಯಾಂಟು ಹರಿಯುತ್ತದೆ, ವೇಗವೂ ಕೈಗೆ ಸಿಗುವುದಿಲ್ಲ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ಗುಡಿ ಇದೆ. ಒಂಬತ್ತರೊಳಗೆ ಅಲ್ಲಿಂದ ಹೊರಡುವ ಹಾಗೆ ನೋಡಿಕೊಳ್ಳಿ. ಹೊತ್ತೇರಿದರೆ ಬಂಡೆ ಅಂಗೈ ಸುಡುತ್ತದೆ.

4. ಹತ್ತಲು ಆಗದವರಿಗೆ ಮೈದನಹಳ್ಳಿ

ಮನೆಯ ಹಿರಿಯರು, ಮಕ್ಕಳು ಜೊತೆಗಿದ್ದರೆ ಬೆಟ್ಟ ಬಿಟ್ಟು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಇರುವುದು ಇಲ್ಲೇ. 798 ಎಕರೆಯ ಹುಲ್ಲುಗಾವಲು. ಮುಂಜಾನೆ ಹುಲ್ಲಿನ ತುದಿಯಲ್ಲೆಲ್ಲ ಇಬ್ಬನಿ, ಅದರ ನಡುವೆ ಮೇಯುವ ಹಿಂಡು. ಬೆನ್ನು ಕಪ್ಪಗಿದ್ದು ಸುರುಳಿ ಕೊಂಬು ಇರುವುದು ಗಂಡು. ಕಂದು ಮೈಯ, ಕೊಂಬಿಲ್ಲದ್ದು ಹೆಣ್ಣು. ಗಾಬರಿಯಾದರೆ ಒಂದು ನೆಟ್ಟಗೆ ಮೇಲಕ್ಕೆ ಹಾರುತ್ತದೆ, ಹಿಂದೆಯೇ ಉಳಿದವು ಒಂದೊಂದಾಗಿ ಹಾರುತ್ತಾ ಓಡುತ್ತವೆ. ಅದನ್ನು ನೋಡುವ ಆಸೆಗೆ ಅಟ್ಟಿಸಿಕೊಂಡು ಹೋಗುವವರಿದ್ದಾರೆ. ದಯವಿಟ್ಟು ಆ ಗುಂಪಿಗೆ ಸೇರಬೇಡಿ. ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಸಾಕು ನಾಯಿ ತರಬೇಡಿ.

ಆಗಾಗ ತಲೆ ಎತ್ತಿಯೂ ನೋಡಿ. ಹುಲ್ಲಿನ ಮೇಲೆ ತೀರಾ ಕೆಳಗೆ, ಏನೋ ಕಳೆದುಕೊಂಡು ಹುಡುಕುತ್ತಿರುವ ಹಾಗೆ ತೇಲುವ ಉದ್ದ ರೆಕ್ಕೆಯ ಹಕ್ಕಿ ಕಂಡರೆ ಅದು ಹ್ಯಾರಿಯರ್. ಉತ್ತರದಿಂದ ಚಳಿಗಾಲ ಕಳೆಯಲು ಬರುವ ಅತಿಥಿ. ಬಿಸಿಲು ಬಲಿಯುವಷ್ಟರಲ್ಲಿ ಗಂಟುಮೂಟೆ ಕಟ್ಟುತ್ತದೆ.

5. ಬುತ್ತಿಗೆ ಅವರೆಕಾಯಿ, ಬೆಂಕಿ ಮಾತ್ರ ಬೇಡ

ಚಳಿ ಹೋದರೆ ಸೊಗಡೂ ಹೋಯಿತು. ಕಾಯಿ ಮುಟ್ಟಿದರೆ ಕೈಗೆ ಜಿಡ್ಡು ಹತ್ತಿ ಘಮ್ ಅನ್ನಬೇಕು, ಅಂಥದ್ದನ್ನೇ ಆರಿಸಿ. ಹಿಂದಿನ ರಾತ್ರಿ ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸಿ ಡಬ್ಬಿಗೆ ತುಂಬಿಕೊಳ್ಳಿ. ಹಿದುಕಬೇಳೆ ಸಾರಿನ ರಗಳೆಯೆಲ್ಲ ಮನೆಗೆ ಬಂದ ಮೇಲೆ. ಬೆಟ್ಟದಲ್ಲಿ ಕ್ಯಾಂಪ್‌ಫೈರ್ ಹಾಕುವ ಐಡಿಯಾ ಇದ್ದರೆ ಇಲ್ಲೇ ಬಿಟ್ಟುಬಿಡಿ. ಈಗ ಹುಲ್ಲು ಒಣಗಿ ನಿಂತಿದೆ, ಒಂದು ಬೀಡಿ ತುಂಡು ಸಾಕು. ಕಾಡ್ಗಿಚ್ಚಿನ ಕಾಲದಲ್ಲಿ ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದೂ ಉಂಟು. ಹೊರಡುವ ಮುಂಚೆ ವಿಚಾರಿಸಿ.

6. ಕೊನೆಗೆ ಕಗ್ಗಲಡು

ಚಳಿ ಮುಗಿಯುವ ಹೊತ್ತಿಗೆ ಹೋಗಬೇಕಾದ ಜಾಗ ಶಿರಾ ತಾಲ್ಲೂಕಿನ ಕಗ್ಗಲಡು. ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಕೆಲಸ ಹಚ್ಚಿಕೊಂಡಿರುತ್ತವೆ. ಕೊಕ್ಕಿನಲ್ಲಿ ಕಡ್ಡಿ ಹಿಡಿದು ಬರುವುದು, ಪಕ್ಕದ ಗೂಡಿಂದ ಒಂದು ಎಗರಿಸುವುದು, ಜಗಳ, ಎಲ್ಲ ಕಾಣುತ್ತದೆ. ಅವುಗಳನ್ನು ಕಾಪಾಡಿಕೊಂಡು ಬಂದವರು ಆ ಊರಿನ ಜನ. ಹಾಗಾಗಿ ಯಾರದಾದರೂ ಅಂಗಳದಲ್ಲಿ ನಿಲ್ಲುವ ಮುಂಚೆ ಒಂದು ಮಾತು ಕೇಳಿ. ಕ್ಯಾಮೆರಾ ಹಿಡಿದು ಮರದ ನೇರ ಕೆಳಗೆ ನಿಲ್ಲಬೇಡಿ, ನಿಲ್ಲಲೇಬೇಕು ಅಂದರೆ ಹಳೇ ಟೋಪಿ ಹಾಕಿಕೊಂಡು ಹೋಗಿ. ಮೇಲಿಂದ ಹಿಕ್ಕೆ ಬೀಳುತ್ತಲೇ ಇರುತ್ತದೆ, ಒಮ್ಮೊಮ್ಮೆ ಮೀನೂ ಬೀಳುತ್ತದೆ.