ಟ್ರಂಕಿನಲ್ಲಿ ಸಿಕ್ಕ ಮುತ್ಯಾನ ಫೇವರ್ ಲೂಬಾ: ರಿಪೇರಿಗೆ ಕೊಡೋ ಮುಂಚೆ ಇಷ್ಟು ನೋಡಿ

ಕಲಬುರಗಿ ಕಡೆ ಹಳೇ ಮನೆಯ ಟ್ರಂಕು ತೆಗೆದರೆ, ಸೀರೆ ಮತ್ತು ಹೊಲದ ಕಾಗದಗಳ ನಡುವೆ ಒಂದು ಕೈಗಡಿಯಾರ ಸಿಗುವುದುಂಟು. ಮದುವೆಯಲ್ಲಿ ಅಳಿಯನಿಗೆ ಕೊಟ್ಟದ್ದು. ಡಯಲ್ ಮೇಲೆ ಸೀ ಚೀಫ್ ಅಥವಾ ಸೀ ಕಿಂಗ್ ಅಂತ ಇದೆಯಾ? ಹಾಗಾದರೆ ಅದು ಹೆಚ್ಚಾಗಿ ಫಾವ್ರ್-ಲೂಬಾ ಅನ್ನುವ ಸ್ವಿಸ್ ಕಂಪನಿಯದು. ನಮ್ಮವರ ಬಾಯಲ್ಲಿ ಫೇವರ್ ಲೂಬಾ. ಕೂಡಲೇ ಅಂಗಡಿಗೆ ಓಡಬೇಡಿ.

ನಾನು ಓಡಿದ್ದೆ. ಮುತ್ಯಾನ ವಾಚ್ ಕೊಟ್ಟು "ಚೆಂದ ಮಾಡಿ ಕೊಡ್ರಿ" ಅಂದೆ. ವಾರ ಬಿಟ್ಟು ಹೋದರೆ ಫಳಫಳ ಹೊಳೆಯುವ ಬಿಳಿ ಡಯಲ್! ಕೆನೆ ಬಣ್ಣಕ್ಕೆ ತಿರುಗಿದ್ದ ಹಳೇದನ್ನು ಉಜ್ಜಿ ಹೊಸ ಬಣ್ಣ ಬಳಿದಿದ್ದರು. ಅಕ್ಷರ ದಪ್ಪ, ಸ್ವಲ್ಪ ವಾರೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಕೂಡುವುದೇ ಇಲ್ಲ, 6ರ ಕೆಳಗಿದ್ದ 'ಸ್ವಿಸ್ ಮೇಡ್' ಮಾಯ. ತಪ್ಪು ನನ್ನದೂ ಇದೆ, ಚೆಂದ ಮಾಡಿ ಅಂದವನು ನಾನೇ ಅಲ್ವಾ.

ಕಂಪನಿ ಎಷ್ಟು ಹಳೇದು ಅಂದರೆ, ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಲ್ಲಿ ಅಬ್ರಹಾಂ ಫಾವ್ರ್ ಕೆಲಸ ಶುರುಮಾಡಿದ್ದು 1737ರಲ್ಲಿ. ಲೂಬಾ ಹೆಸರು ಸೇರಿದ್ದು 1815ರಲ್ಲಿ. 1865ರಲ್ಲೇ ಮುಂಬೈಗೆ ಬಂದರು. ಅದಕ್ಕೇ ನೋಡಿ, ನಮ್ಮ ದೇಶದ ಟ್ರಂಕುಗಳಲ್ಲಿ ಇದು ಇಷ್ಟು ಸಿಗುವುದು. 1962ರಲ್ಲಿ ಬಿವಾಕ್ ಅನ್ನುವ ವಾಚ್ ತಂದರು, ಬೆಟ್ಟ ಹತ್ತುವವರಿಗೆ ಎತ್ತರ ಮತ್ತು ಗಾಳಿಯ ಒತ್ತಡ ತೋರಿಸುತ್ತಿತ್ತು, ಅದೂ ಸೆಲ್ ಇಲ್ಲದೆ. 1968ರ ಬಾಥಿ ನೀರಿನ ಆಳ ಹೇಳುತ್ತಿತ್ತು. ಆಮೇಲೆ ಸೆಲ್ ಮೇಲೆ ಓಡುವ ಕ್ವಾರ್ಟ್ಜ್ ವಾಚ್ ಬಂತು, ಮನೆತನ ಕಂಪನಿಯನ್ನು ಮಾರಿತು. 2011ರಲ್ಲಿ ನಮ್ಮ ಟೈಟನ್ ಕೊಂಡುಕೊಂಡಿತ್ತು.

ಈಗ ನಿಮ್ಮ ವಾಚ್. ಮೊದಲು ಬಿಸಿಲಲ್ಲಿ ಹಿಡಿದು ಮೊಬೈಲಿನಲ್ಲಿ ಡಯಲ್ ಫೋಟೋ ತೆಗೆದು ಹಿಗ್ಗಿಸಿ ನೋಡಿ. ನನ್ನದಕ್ಕೆ ಆದ ಗತಿ ನಿಮ್ಮದಕ್ಕೆ ಆಗಲೇ ಆಗಿದೆಯಾ ಅಂತ ಗೊತ್ತಾಗುತ್ತದೆ. ಮಚ್ಚೆ, ಹಳದಿ ಇದ್ದರೆ ಇರಲಿ, ಅದೇ ಅದರ ವಯಸ್ಸು. ಮುಳ್ಳಿನ ಮೇಲೆ ರಾತ್ರಿ ಹೊಳೆಯುವ ಬಣ್ಣವಿದ್ದರೆ ಉಗುರಿನಿಂದ ಕೆರೆಯಲೇಬೇಡಿ. ಎಷ್ಟೋ ಹಳೇ ವಾಚುಗಳ ಆ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಇರುತ್ತಿತ್ತು, ಅದರ ಪುಡಿ ಮೈಗೆ ಕೆಟ್ಟದ್ದು.

ಹಿಂದಿನ ಮುಚ್ಚಳ ಮನೆಯಲ್ಲಿ ಚಾಕು ಹಾಕಿ ಎಬ್ಬಿಸಬೇಡಿ, ಗೀರು ಬೀಳುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಕಣ್ಣಿಗೆ ಲೆನ್ಸ್ ಇಟ್ಟುಕೊಂಡು ಕೂರುವ ಹಳೇ ಕಾಕಾಗಳು ಯಾರಾದರೂ ಸಿಕ್ಕರೆ ನಿಮ್ಮೆದುರೇ ತೆಗೆಸಿ. ಒಳಗಿನ ಮಷೀನಿನ ಮೇಲೂ ಕಂಪನಿ ಹೆಸರಿದೆಯಾ ನೋಡಿ. ಬೇರೆ ಹೆಸರಿದ್ದರೆ ಯಾವಾಗಲೋ ಮಷೀನ್ ಬದಲಾಗಿರಬಹುದು, ಕಾಕಾರನ್ನೇ ಕೇಳಿ. ಅಲ್ಲಿರುವ ನಂಬರಿನ ಫೋಟೋ ಇಟ್ಟುಕೊಳ್ಳಿ, ಮುಂದೆ ಬಿಡಿಭಾಗ ಹುಡುಕಲು ಅದೇ ಬೇಕು.

ಆಮೇಲೆ ಕೊಡಿ. ಕೊಡುವಾಗ ಮಾತು ಸ್ಪಷ್ಟ ಇರಲಿ: "ಬಿಚ್ಚಿ ತೊಳೆದು ಎಣ್ಣೆ ಹಾಕ್ರಿ, ಡಯಲ್ ಮುಟ್ಟಬ್ಯಾಡ್ರಿ, ಪಾಲಿಶ್ ಬ್ಯಾಡ." ಬದಲಿಸಿದ ಸಾಮಾನು ಏನಿದ್ದರೂ ವಾಪಸ್ ಕೇಳಿ. ವರ್ಷಗಟ್ಟಲೆ ಬಿದ್ದಿದ್ದ ವಾಚಿನಲ್ಲಿ ಎಣ್ಣೆ ಒಣಗಿರುತ್ತದೆ, ಸುಮ್ನೆ ಚಾವಿ ಕೊಟ್ಟು ಓಡಿಸಿದರೆ ಒಳಗೆ ಸವೆಯುತ್ತದೆ.

ವಾಪಸ್ ಬಂದ ಮೇಲೆ ದಿನಾ ಬೆಳಿಗ್ಗೆ ಚಹಾ ಹೊತ್ತಿಗೆ ಚಾವಿ ಕೊಡಿ, ಬಿಗಿಯಾಯಿತು ಅನಿಸಿದ ತಕ್ಷಣ ನಿಲ್ಲಿಸಿ. ಹೆಸರಲ್ಲಿ ಸಮುದ್ರ ಇದೆ ಅಂತ ಕೈಕಾಲು ತೊಳೆಯುವಾಗ ಕಟ್ಟಿಕೊಂಡಿರಬೇಡಿ. ನಮ್ಮ ಏಪ್ರಿಲ್ ಬೆವರು ಒಂದೇ ಸಾಕು ಅದನ್ನು ಕೆಡಿಸಲು.