ಕೋಳಿ ಮಂಕಾಗಿದೆಯೇ? ಔಷಧಿಗೆ ಮೊದಲು ಕೈಯಿಟ್ಟು ನೋಡಿ

ಕೋಳಿ ತನ್ನ ಕಾಯಿಲೆಯನ್ನು ಆದಷ್ಟೂ ಮುಚ್ಚಿಡುತ್ತದೆ. ಸೊರಗಿದ್ದು ಗೊತ್ತಾದರೆ ಗುಂಪಿನ ಉಳಿದವು ಕುಕ್ಕಿ ಮೂಲೆಗೆ ತಳ್ಳುತ್ತವೆ. ಹಾಗಾಗಿ ಕಾಳು ಎರಚಿದಾಗ ಅದೂ ಓಡಿಬರುತ್ತದೆ, ನೆಲ ಕುಕ್ಕುತ್ತದೆ, ಆದರೆ ನುಂಗುವುದಿಲ್ಲ. ಗರಿ ಕೆದರಿಕೊಂಡು, ಬಾಲ ಇಳಿಬಿಟ್ಟು, ಕಣ್ಣು ಅರೆಮುಚ್ಚಿ ಒಂಟಿಯಾಗಿ ನಿಂತದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಸಾಕಷ್ಟು ಬಲಿತಿರುತ್ತದೆ. ಇನ್ನೊಂದು ತೊಡಕೆಂದರೆ, ಮೊಟ್ಟೆ ಸಿಕ್ಕಿಕೊಂಡರೂ, ಹೊಟ್ಟೆಹುಳುವಾದರೂ, ರಕ್ತಭೇದಿಯಾದರೂ ಕೋಳಿ ನಿಲ್ಲುವ ಭಂಗಿ ಹೆಚ್ಚಾಗಿ ಇದೇ. ದೂರದಿಂದ ನೋಡಿ, ಹಿಂದಿನ ಸಲ ಉಳಿದ ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಕದಡುವುದು ಕುರುಡು ಚಿಕಿತ್ಸೆ.

ಕೆಲವೊಮ್ಮೆ ಕಾಯಿಲೆಯೇ ಇರುವುದಿಲ್ಲ. ಕಾವಿಗೆ ಕೂತ ಹೇಂಟೆ ಗೂಡು ಬಿಟ್ಟು ಏಳುವುದಿಲ್ಲ, ಗರಿ ಉಬ್ಬಿಸಿ ಗುರುಗುಟ್ಟುತ್ತದೆ, ದಿನಕ್ಕೊಂದೆರಡು ಸಲ ದೊಡ್ಡ, ನಾರುವ ಹಿಕ್ಕೆ ಹಾಕುತ್ತದೆ. ಗರಿ ಉದುರಿಸುವ ಕಾಲದಲ್ಲಿ ಮೊಟ್ಟೆ ನಿಂತು ಜುಟ್ಟು ಪೇಲವವಾಗುತ್ತದೆ, ಆದರೆ ಮೇವು ಬಿಡುವುದಿಲ್ಲ. ಇವೆರಡಕ್ಕೂ ಔಷಧಿ ಬೇಡ.

ಮೊದಲ ಕೆಲಸ: ಬೇರೆ ಮಾಡಿ, ಬೆಚ್ಚಗಿಡಿ

ಕೋಳಿಯನ್ನು ಗುಂಪಿನಿಂದ ತೆಗೆದು, ಗಾಳಿಯಾಡುವ ಪೆಟ್ಟಿಗೆ ಅಥವಾ ಪಂಜರದಲ್ಲಿಡಿ. ಮಬ್ಬು ಬೆಳಕು ಸಾಕು. ಆರೋಗ್ಯವಂತ ಕೋಳಿಯ ಮೈಶಾಖ 41 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮೇವು ಬಿಟ್ಟ ಹಕ್ಕಿಗೆ ಆ ಶಾಖ ಉಳಿಸಿಕೊಳ್ಳುವುದೇ ದೊಡ್ಡ ಖರ್ಚು. ಆದ್ದರಿಂದ ಪೆಟ್ಟಿಗೆಯ ಒಂದು ಬದಿಗೆ ಬಲ್ಬನ್ನೋ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನೋ ಇಟ್ಟು 27ರಿಂದ 30 ಡಿಗ್ರಿ ಬರುವಂತೆ ಮಾಡಿ. ಇನ್ನೊಂದು ಬದಿ ತಂಪಾಗಿಯೇ ಇರಲಿ, ಸೆಕೆಯಾದರೆ ಅದು ಸರಿದುಕೊಳ್ಳುತ್ತದೆ. ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ಏದುಸಿರು ಬಿಡುತ್ತಿದ್ದರೆ ಶಾಖ ಹೆಚ್ಚಾಗಿದೆ ಎಂದರ್ಥ. ಬಿಸಿಲಿನ ಹೊಡೆತಕ್ಕೆ ಸಿಕ್ಕ ಕೋಳಿಗಂತೂ ಬಲ್ಬು ಬೇಡವೇ ಬೇಡ. ಅದನ್ನು ನೆರಳಿಗೆ ತಂದು ಕಾಲುಗಳನ್ನು ತಣ್ಣೀರಿನಲ್ಲಿ ನೆನೆಸಬೇಕು.

ನೆಲಕ್ಕೆ ಹೊಟ್ಟಿನ ಬದಲು ಬಿಳಿ ಕಾಗದ ಅಥವಾ ಹಳೆ ಬಿಳಿ ಬಟ್ಟೆ ಹಾಸಿ, ಹಿಕ್ಕೆಯ ಬಣ್ಣ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ನೀರನ್ನು ಅಳೆದಿಡಿ. ಮೊಟ್ಟೆಯಿಡುವ ಹೇಂಟೆ ದಿನಕ್ಕೆ ಸುಮಾರು 200ರಿಂದ 250 ಮಿಲಿಲೀಟರ್ ನೀರು ಕುಡಿದು, 100ರಿಂದ 120 ಗ್ರಾಂ ಮೇವು ತಿನ್ನುತ್ತದೆ. ಸಂಜೆ ಎಷ್ಟು ಉಳಿಯಿತೆಂದು ನೋಡಿದರೆ ಊಹೆ ಮಾಡುವ ಕೆಲಸ ಇರುವುದಿಲ್ಲ.

ಮಂಕಾದ ಕೋಳಿಗೆ ಮೊದಲ ದಿನ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿಡಬಹುದು. ಪಕ್ಕದಲ್ಲಿ ಬರೀ ನೀರೂ ಇರಲಿ, ಹೆಚ್ಚು ಉಪ್ಪನ್ನು ಕೋಳಿಯ ಮೂತ್ರಪಿಂಡ ತಡೆಯದು. ತಾನಾಗಿ ಕುಡಿಯದಿದ್ದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಮುಟ್ಟಿಸಿ, ನುಂಗಿದ ಮೇಲೆ ಇನ್ನೊಂದು. ಬಾಯಿ ಬಿಡಿಸಿ ಸಿರಿಂಜಿನಿಂದ ಸುರಿಯಬೇಡಿ. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುವುದರಿಂದ ನೀರು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಆರೈಕೆಯ ಕೈಯಲ್ಲೇ ಕೋಳಿ ಸಾಯುವುದು ಹೀಗೂ ಉಂಟು.

ಮೇವಿನ ಚೀಲ, ಎದೆಮೂಳೆ, ಹೊಟ್ಟೆ

ಕೈಗವಸು ಹಾಕಿ, ಕೋಳಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಳ್ಳಿ. ಪರೀಕ್ಷೆಗೆ ಒಳ್ಳೆಯ ಹೊತ್ತು ಬೆಳಗಿನ ಜಾವ, ಮೇವು ಹಾಕುವುದಕ್ಕೆ ಮೊದಲು. ಕುತ್ತಿಗೆಯ ಬುಡದಲ್ಲಿ, ಎದೆಯ ಬಲಕ್ಕಿರುವ ಮೇವಿನ ಚೀಲ ರಾತ್ರಿ ತುಂಬಿದ್ದು ಬೆಳಿಗ್ಗೆ ಬರಿದಾಗಿರಬೇಕು. ಬೆಳಿಗ್ಗೆಯೂ ಗಟ್ಟಿ ಉಂಡೆಯಾಗಿದ್ದರೆ ಉದ್ದನೆಯ ಹುಲ್ಲೋ ದಾರವೋ ಪ್ಲಾಸ್ಟಿಕ್ಕೋ ಸಿಕ್ಕಿ ಕಟ್ಟಿಕೊಂಡಿದೆ. ಘನ ಮೇವು ನಿಲ್ಲಿಸಿ, ಹನಿಹನಿಯಾಗಿ ಸ್ವಲ್ಪ ನೀರು, ಅಡುಗೆ ಎಣ್ಣೆ ಕುಡಿಸಿ, ದಿನಕ್ಕೆ ನಾಲ್ಕೈದು ಸಲ ಬೆರಳ ತುದಿಯಿಂದ ಮೆಲ್ಲಗೆ ನಾದಿ. ಎರಡು ದಿನಕ್ಕೂ ಕರಗದಿದ್ದರೆ ಪಶುವೈದ್ಯರು ಕೊಯ್ದು ತೆಗೆಯಬೇಕಾಗಬಹುದು. ಚೀಲ ನೀರು ತುಂಬಿದ ಬಲೂನಿನಂತೆ ಮೆತ್ತಗಿದ್ದು ಬಾಯಿ ಹುಳಿನಾತ ಬೀರಿದರೆ, ಒಳಗೆ ಯೀಸ್ಟ್ ಬೆಳೆದಿದೆ. ಅದಕ್ಕೆ ಶಿಲೀಂಧ್ರನಾಶಕ ಬೇಕು, ಆಂಟಿಬಯೋಟಿಕ್ ಕೊಟ್ಟರೆ ಇನ್ನೂ ಕೆಡುತ್ತದೆ. ತಲೆಕೆಳಗೆ ಹಿಡಿದು ಕಕ್ಕಿಸುವ ಪದ್ಧತಿ ಬಿಡಿ, ಅದರಲ್ಲೂ ಉಸಿರುಗಟ್ಟುವ ಅಪಾಯವೇ. ಒಂದು ಮಾತು ನೆನಪಿರಲಿ: ಚೀಲ ಪದೇ ಪದೇ ಕಟ್ಟಿಕೊಳ್ಳುತ್ತಿದ್ದರೆ ದೋಷ ಇನ್ನೂ ಕೆಳಗಿದೆ, ಹುಳುವೋ ಹೊಟ್ಟೆಯೊಳಗಿನ ಸೋಂಕೋ ಇರಬಹುದು.

ಎದೆಮೂಳೆಯ ಎರಡೂ ಬದಿ ಮಾಂಸ ತುಂಬಿರಬೇಕು. ಅಂಚು ಚೂಪಾಗಿ ಕೈಗೆ ಹತ್ತಿದರೆ ಕಾಯಿಲೆ ನಿನ್ನೆಯದಲ್ಲ, ವಾರಗಳದ್ದು. ಹೊಟ್ಟೆ ನೀರಾಡುವಂತೆ ಉಬ್ಬಿದ್ದರೆ ಮೊಟ್ಟೆಯ ಹಳದಿ ಭಾಗ ಅಂಡನಾಳಕ್ಕೆ (ಮೊಟ್ಟೆ ಇಳಿದುಬರುವ ನಾಳ) ಸೇರದೆ ಹೊಟ್ಟೆಯೊಳಗೆ ಬಿದ್ದು ಕೆಟ್ಟಿರಬಹುದು. ಅದು ಮನೆಮದ್ದಿಗೆ ಬಗ್ಗುವುದಿಲ್ಲ.

ಕೋಳಿ ಮತ್ತೆ ಮತ್ತೆ ಗೂಡಿಗೆ ಹೋಗಿ ತಿಣುಕುತ್ತಿದ್ದರೆ, ಬಾಲ ಆಡಿಸುತ್ತಾ ನೆಟ್ಟಗೆ ನಿಂತರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಎಣ್ಣೆ ಸವರಿದ ಕೈಗವಸಿನ ಬೆರಳನ್ನು ಗುದದ್ವಾರದೊಳಗೆ ಮೆಲ್ಲಗೆ ಇಳಿಸಿದರೆ ಎರಡರಿಂದ ಐದು ಸೆಂಟಿಮೀಟರ್ ಒಳಗೆ ಗಟ್ಟಿಯಾಗಿ ತಾಗುತ್ತದೆ. ಸುಮಾರು 38 ಡಿಗ್ರಿಯ ನೀರಿನಲ್ಲಿ ಹೊಟ್ಟೆ ಮುಳುಗುವಂತೆ 20 ನಿಮಿಷ ಕೂರಿಸಿ, ಪೂರ್ತಿ ಒಣಗಿಸಿ, ಕತ್ತಲ ಪೆಟ್ಟಿಗೆಯಲ್ಲಿ ಬೆಚ್ಚಗೆ ಬಿಡಿ. ಒಂದೆರಡು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬಹುದು. ಕ್ಯಾಲ್ಸಿಯಂ ಕೊರತೆಯಿಂದ ಅಂಡನಾಳದ ಸ್ನಾಯು ಸೋಲುವುದು ಇದರ ಮುಖ್ಯ ಕಾರಣಗಳಲ್ಲೊಂದು, ಹಾಗಾಗಿ ವೈದ್ಯರನ್ನು ಕೇಳಿ ಕ್ಯಾಲ್ಸಿಯಂ ಕೊಡಿ. ಮೊಟ್ಟೆಯನ್ನು ಒಳಗೇ ಒಡೆಯುವ ಸಾಹಸ ಬೇಡ, ಚೂರುಗಳು ನಾಳವನ್ನು ಸೀಳುತ್ತವೆ. ಅದೇ ದಿನ ಹೊರಬರದಿದ್ದರೆ ವೈದ್ಯರ ಬಳಿ ಒಯ್ಯಲೇಬೇಕು.

ಹಿಕ್ಕೆ ಏನು ಹೇಳುತ್ತದೆ

ಕಂದು ಬಣ್ಣದ ಹಿಕ್ಕೆ, ಮೇಲೊಂದು ಬಿಳಿ ಟೋಪಿ: ಇದು ಸರಿಯಾದದ್ದು. ಎಂಟು ಹತ್ತು ಸಲಕ್ಕೊಮ್ಮೆ ಬರುವ ಅಂಟಂಟಾದ, ವಿಪರೀತ ನಾರುವ ಗಾಢ ಕಂದು ಹಿಕ್ಕೆಯೂ ಸಹಜ. ಅದನ್ನು ನೋಡಿ ಭೇದಿಯೆಂದು ಗಾಬರಿಯಾಗುವವರು ಬಹಳ. ಕಡುಹಸಿರು ಬಂದರೆ ಹೊಟ್ಟೆ ಖಾಲಿಯಿದ್ದು ಪಿತ್ತ ಮಾತ್ರ ಇಳಿಯುತ್ತಿರಬಹುದು. ಆದರೆ ಹಸಿರು ಭೇದಿಯ ಜೊತೆ ಕುತ್ತಿಗೆ ತಿರುಚಿದರೆ, ಉಸಿರಾಟ ಕಷ್ಟವಾದರೆ ಕೊಕ್ಕರೆ ರೋಗದ (ರಾಣಿಖೇತ್) ಶಂಕೆ.

ರಕ್ತ ಕಂಡರೆ, ಅದರಲ್ಲೂ ಮೂರರಿಂದ ಎಂಟು ವಾರದ ಮರಿಗಳಲ್ಲಿ, ಮೊದಲು ನೆನಪಾಗಬೇಕಾದ್ದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ. ಒದ್ದೆ ಹಾಸಿನಲ್ಲಿ ಇದರ ಪರೋಪಜೀವಿಯ ತತ್ತಿಗಳು ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತವೆ. ಆಂಪ್ರೋಲಿಯಂ ಔಷಧಿಯನ್ನು ಸಾಮಾನ್ಯವಾಗಿ ಲೀಟರ್ ನೀರಿಗೆ 120ರಿಂದ 240 ಮಿಲಿಗ್ರಾಂ ಮೂಲವಸ್ತು (ಪುಡಿಯಲ್ಲಿರುವ ನಿಜವಾದ ಔಷಧಾಂಶ) ಬೀಳುವಂತೆ ಮೂರರಿಂದ ಐದು ದಿನ, ನಂತರ 60 ಮಿಲಿಗ್ರಾಂನಂತೆ ಒಂದೆರಡು ವಾರ ಕೊಡುತ್ತಾರೆ. ಪೊಟ್ಟಣದ ಮೇಲಿನ ಶೇಕಡಾ ಪ್ರಮಾಣ ನೋಡಿಯೇ ಲೆಕ್ಕ ಹಾಕಿ. ಕುಡಿಯಲು ಆ ನೀರು ಮಾತ್ರ ಇರಬೇಕು. ಆ ದಿನಗಳಲ್ಲಿ ಬಿ ವಿಟಮಿನ್ ಟಾನಿಕ್ ಬೇಡ: ಆಂಪ್ರೋಲಿಯಂ ಕೆಲಸ ಮಾಡುವುದೇ ಪರೋಪಜೀವಿಗೆ ಥಯಾಮಿನ್ (ಬಿ1 ವಿಟಮಿನ್) ಸಿಗದಂತೆ ತಡೆದು. ಹಾಸು ಬದಲಿಸದೆ ಔಷಧಿಯೊಂದನ್ನೇ ಕೊಟ್ಟರೆ ಸೋಂಕು ಮತ್ತೆ ಮರಳುತ್ತದೆ.

ಉಸಿರು, ಚರ್ಮ, ಕಾಲು

ಉಸಿರಿನ ಸದ್ದು ಕೇಳಬೇಕಾದ್ದು ರಾತ್ರಿ, ಎಲ್ಲವೂ ಅಡ್ಡಗೋಲಿನ ಮೇಲೆ ಸುಮ್ಮನೆ ಕೂತಾಗ. ಗೊರಗೊರ ಎನ್ನುವುದು, ಕಣ್ಣಂಚಿನ ನೊರೆ ಮೈಕೋಪ್ಲಾಸ್ಮಾವನ್ನೂ, ಮುಖ ಊದಿ ಮೂಗು ನಾರುವುದು ಕೊರೈಜಾವನ್ನೂ ಸೂಚಿಸುತ್ತವೆ; ಎರಡೂ ಬ್ಯಾಕ್ಟೀರಿಯಾದ ಸೋಂಕುಗಳು. ಆಂಟಿಬಯೋಟಿಕ್‌ಗೆ ನಿಜವಾದ ಕೆಲಸವಿರುವುದು ಇಂಥ ಕಡೆ, ಅದೂ ವೈದ್ಯರು ಹೇಳಿದ್ದನ್ನು, ಹೇಳಿದಷ್ಟು ದಿನ. ಔಷಧಿ ನಿಂತ ಮೇಲೂ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿಕೊಳ್ಳಿ. ಜುಟ್ಟಿನ ಮೇಲಿನ ಕಪ್ಪು ಹಕ್ಕಳೆ ಸೊಳ್ಳೆ ಹರಡುವ ಸಿಡುಬು. ಅದು ವೈರಸ್, ಹಕ್ಕಳೆ ಕೀಳದೆ ಬಿಟ್ಟರೆ ಮೂರು ನಾಲ್ಕು ವಾರಕ್ಕೆ ಒಣಗಿ ಬೀಳುತ್ತದೆ. ಗಂಟಲಲ್ಲೂ ಹಳದಿ ಪೊರೆ ಕಟ್ಟಿದ್ದರೆ ಮಾತ್ರ ಅಪಾಯ.

ಜುಟ್ಟು ಬಿಳಿಚಿದ್ದರೆ ಹೇನು, ನುಸಿಗಳನ್ನು ಹುಡುಕಿ. ಹೇನು ಗುದದ್ವಾರದ ಸುತ್ತ, ಗರಿಯ ಬುಡದಲ್ಲಿ ಹಗಲೇ ಸಿಗುತ್ತದೆ. ಕೆಂಪು ನುಸಿ ಹಗಲು ಗೂಡಿನ ಸಂದಿಯಲ್ಲಿ ಅಡಗಿ ರಾತ್ರಿ ಮಾತ್ರ ಕಚ್ಚುತ್ತದೆ. ಕತ್ತಲಾದ ಮೇಲೆ ಅಡ್ಡಗೋಲಿನ ಅಡಿಭಾಗವನ್ನು ಬಿಳಿ ಕಾಗದದಿಂದ ಒರೆಸಿದಾಗ ರಕ್ತದ ಗೀರು ಬಿದ್ದರೆ, ಕೋಳಿಗಿಂತ ಮೊದಲು ಗೂಡಿಗೆ ಚಿಕಿತ್ಸೆ ಬೇಕು. ಕಾಲಿನ ಪೊರೆ ಎದ್ದು ಒರಟಾಗಿದ್ದರೆ ಅದೂ ನುಸಿಯೇ; ವಾರಕ್ಕೆರಡು ಸಲ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ. ಸೀಮೆಎಣ್ಣೆ ಹಚ್ಚಿದರೆ ಚರ್ಮ ಸುಡುತ್ತದೆ. ಎಳೆಯ ಕೋಳಿ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ಎಂಬ ವೈರಸ್ ರೋಗವಿರಬಹುದು, ಅದಕ್ಕೆ ಔಷಧಿಯಿಲ್ಲ.

ಗುಂಪಿಗೆ ಮರಳಿಸುವುದು, ಸತ್ತರೆ ಮಾಡಬೇಕಾದ್ದು

ಚೇತರಿಸಿದ ಕೋಳಿಯನ್ನು ಲಕ್ಷಣಗಳು ಪೂರ್ತಿ ಹೋಗಿ ಒಂದು ವಾರವಾದ ಮೇಲೆ ಗುಂಪಿಗೆ ಬಿಡಿ. ಮೊದಲು ಎರಡು ಮೂರು ದಿನ ಜಾಲರಿಯ ಆಚೆಗಿಟ್ಟು ಮುಖಪರಿಚಯ ಉಳಿಸಿ, ಆಮೇಲೆ ಕತ್ತಲಾದ ಮೇಲೆ ಅಡ್ಡಗೋಲಿಗೆ ಕೂರಿಸಿದರೆ ಕಾದಾಟ ಕಡಿಮೆ. ಅಲ್ಲಿಯವರೆಗೆ ಆರೋಗ್ಯವಾಗಿರುವವುಗಳ ಕೆಲಸ ಮುಗಿಸಿಯೇ ರೋಗಿಯ ಬಳಿ ಹೋಗಿ, ಬಂದು ಸೋಪಿನಲ್ಲಿ ಕೈ ತೊಳೆಯಿರಿ.

ಒಂದೆರಡು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತರೆ, ಮುಖ ಊದಿ ಜುಟ್ಟು ನೀಲಿಯಾದರೆ ಹಕ್ಕಿಜ್ವರವಿರಬಹುದು. ಯಾವುದನ್ನೂ ಮುಟ್ಟದೆ, ಸಾಗಿಸದೆ, ಪಶುವೈದ್ಯ ಇಲಾಖೆಗೆ ತಿಳಿಸಿ. ಒಂಟಿ ಸಾವಾದರೆ ಶವಪರೀಕ್ಷೆಗೆ ಕಳಿಸುವುದು ಉಳಿದ ಕೋಳಿಗಳಿಗೆ ಮಾಡುವ ಒಳ್ಳೆಯ ಚಿಕಿತ್ಸೆ. ಕೈಗವಸು, ಮಾಸ್ಕ್ ಹಾಕಿ, ಸೋಪಿನ ತಣ್ಣೀರಿನಲ್ಲಿ ಗರಿ ಪೂರ್ತಿ ನೆನೆಸಿ, ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಪೊಟ್ಟಣಗಳ ನಡುವೆ ಇಟ್ಟು ಒಂದು ದಿನದೊಳಗೆ ತಲುಪಿಸಿ. ಫ್ರೀಜರಿಗೆ ಹಾಕಬೇಡಿ, ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗಿ ಪ್ರಯೋಗಾಲಯಕ್ಕೆ ಸರಿಯಾಗಿ ಕಾಣುವುದಿಲ್ಲ.